ಮೇಳ ಕಟ್ಟಿದ ಮನೆತನ: ಕೆರೆಮನೆ ಶಿವರಾಮ ಹೆಗಡೆಯವರೂ ಅವರ ಪರಂಪರೆಯೂ

ನಮ್ಮ ಮಾವಳ್ಳಿಯಿಂದ ಹೆದ್ದಾರಿ ಹಿಡಿದು ಬಡಗಣ ದಿಕ್ಕಿಗೆ ಹೊರಟವರಿಗೆ ಮಂಕಿಯನ್ನು ದಾಟಿದ ಮೇಲೆ ಗುಣವಂತೆಯೆಂಬ ಗ್ರಾಮವು ಸಿಕ್ಕುವುದು. ರಾವಣನ ಆತ್ಮಲಿಂಗದ ಕಥೆಯನ್ನು ಬಲ್ಲ ವಾಚಕರಿಗೆ ಈ ಹೆಸರು ಹೊಸತಲ್ಲ. ಗೋಕರ್ಣ, ಧಾರೇಶ್ವರ, ಗುಣವಂತೆ, ಮುರುಡೇಶ್ವರ, ಸಜ್ಜೇಶ್ವರವೆಂಬ ಪಂಚಕ್ಷೇತ್ರಗಳಲ್ಲಿ ನಮ್ಮ ಮನೆಯ ಬಾಗಿಲಿಗೆ ಗೋಪುರವು ಕಾಣುವ ಮುರುಡೇಶ್ವರವೂ ಒಂದು, ಗುಣವಂತೆಯೂ ಒಂದು. ಆದುದರಿಂದ ಈ ಎರಡೂರುಗಳಿಗೂ ಒಂದು ಬಗೆಯ ದಾಯಾದಿತನವುಂಟೆಂದು ನಾವು ಹಾಸ್ಯಕ್ಕಾಗಿ ಹೇಳುವುದುಂಟು. ಆದರೆ ಈ ಸಲ ನಾವು ವಾಚಕರನ್ನು ಗುಣವಂತೆಗೆ ಕರೆದೊಯ್ಯುವುದು ದೇವರ ದರ್ಶನಕ್ಕಾಗಿ ಅಲ್ಲ. ಅಲ್ಲಿ ಕೆರೆಮನೆಯೆಂಬ ಮನೆತನವೊಂದಿರುವುದು. 1934ರಿಂದ ಇಂದಿನವರೆಗೆ, ನಾಲ್ಕು ತಲೆಮಾರುಗಳ ಕಾಲ, ಆ ಮನೆಯವರು ಒಂದು ಯಕ್ಷಗಾನ ಮೇಳವನ್ನು ನಡೆಯಿಸಿಕೊಂಡು ಬಂದಿರುವರು. ಅದನ್ನು ಕಟ್ಟಿದ ಶಿವರಾಮ ಹೆಗಡೆಯವರ ವಿಷಯವನ್ನೂ, ಅವರು ಬಿಟ್ಟುಹೋದುದು ಏನಾಯಿತೆಂಬುದನ್ನೂ ಗೃಹಸ್ಥರ ಮುಂದಿಡಬೇಕೆಂಬುದು ನಮ್ಮ ಬಹುದಿನದ ಆಸೆ.

ಈ ಆಸೆಗೆ ಕಾರಣವಾದ ಒಂದು ಪ್ರಸಂಗವನ್ನು ಮೊದಲು ಹೇಳಿಬಿಡುವುದು ಲೇಸು. ಅದರಲ್ಲಿ ತಪ್ಪು ನಮ್ಮದೇ. ನಾವು ಶಾಲೆಯೊಂದರಲ್ಲಿ ಸಂಸ್ಕೃತವನ್ನು ಪಾಠ ಹೇಳುತ್ತಿದ್ದ ಕಾಲದಲ್ಲಿ, ಒಂದು ಮುಂಜಾನೆ ತದ್ಧಿತ ಪ್ರತ್ಯಯಗಳ ಪಾಠವು ನಡೆದಿರಲು ಹಿಂದಿನ ಸಾಲಿನ ಹುಡುಗನೊಬ್ಬನು ತೂಕಡಿಸುತ್ತಿದ್ದನು. ಅವನ ಹಣೆಯ ಮೇಲೆ ನಿದ್ರೆಗೇಡಿನ ಗುರುತು, ಕಾಲಿಗೆ ಗದ್ದೆಯ ಮಣ್ಣು. ರಾತ್ರಿಯೆಲ್ಲ ಆಟಕ್ಕೆ ಹೋಗಿದ್ದನೆಂದು ಪಕ್ಕದವನು ಚಾಡಿ ಹೇಳಿದನು. ನಾವು ಸಿಟ್ಟಿನಿಂದ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ, ಇಡೀ ರಾತ್ರಿ ಕುಳಿತು ಕಲಿತದ್ದೇನೆಂದು ಕೇಳಿದೆವು. ಅವನು ಅಂಜುತ್ತಲೇ, "ಕರ್ಣನಿಗೆ ರಾಧೇಯನೆಂದೂ ಕೌಂತೇಯನೆಂದೂ ಎರಡು ಹೆಸರು ಗುರುಗಳೇ. ರಾಧೆಯ ಮಗ ರಾಧೇಯ, ಕುಂತಿಯ ಮಗ ಕೌಂತೇಯ. ಎರಡೂ ಹೌದು. ಅದೇ ಅವನ ಸಂಕಟ" ಎಂದನು. ಸ್ತ್ರೀವಾಚಕ ಶಬ್ದದ ಮೇಲೆ ಅಪತ್ಯಾರ್ಥದಲ್ಲಿ ಪ್ರತ್ಯಯವು ಬರುವ ಸೂತ್ರವನ್ನು ನಾವು ಒಂದು ವಾರದಿಂದ ಹಲಗೆಯ ಮೇಲೆ ಬರೆದು ಒರಸುತ್ತಿದ್ದೆವು! ಆ ಹುಡುಗನಿಗೆ ಅದನ್ನು ವೇಷಧಾರಿಯೊಬ್ಬನು ಒಂದೇ ರಾತ್ರಿಯಲ್ಲಿ, ಕಣ್ಣೀರಿನ ಸಮೇತ, ಕಲಿಸಿಬಿಟ್ಟಿದ್ದನು. ಹುಡುಗನನ್ನು ಇಳಿಯಹೇಳಿದೆವು. ಅಂದಿನಿಂದ ಆಟದ ಮರುದಿನ ವ್ಯಾಕರಣದ ಪಾಠವನ್ನು ಇಟ್ಟುಕೊಳ್ಳಲಿಲ್ಲ.

ಅದು ಹಾಗಿರಲಿ, ಪ್ರಕೃತಕ್ಕೆ ಬರೋಣ.

ಶಿವರಾಮ ಹೆಗಡೆಯವರು 1908ರಲ್ಲಿ ಜನಿಸಿದರು. ಹವ್ಯಕರ ಕೃಷಿಕ ಮನೆತನ. ತೋಟ, ಗದ್ದೆ, ದನಕರು, ಮಳೆಗಾಲ—ಇವುಗಳ ನಡುವಿನ ಬಾಳು. ಅವರು ಇಡಗುಂಜಿಯ ಮಹಾಗಣಪತಿಯ ಹೆಸರಿನಲ್ಲಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದಾಗ ಇಪ್ಪತ್ತಾರರ ಪ್ರಾಯ. ಆ ಕಾಲವು ಎಂತಹದೆಂಬುದನ್ನು ಸ್ವಲ್ಪ ನೆನೆಯಬೇಕು. ನಮ್ಮ ಜಿಲ್ಲೆಯು ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. ಅಂಕೋಲೆ ಸಿದ್ದಾಪುರಗಳ ಕಡೆ ಕರನಿರಾಕರಣೆಯ ಚಳವಳಿಯಲ್ಲಿ ರೈತರು ಹೊಲಮನೆಗಳನ್ನು ಕಳೆದುಕೊಂಡು ಇನ್ನೂ ಬಹಳ ದಿನಗಳಾಗಿರಲಿಲ್ಲ. ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ—ಈ ನಾಲ್ಕು ಹೊಳೆಗಳಲ್ಲಿ ಯಾವುದನ್ನು ದಾಟಬೇಕಾದರೂ ದೋಣಿಯೇ ಗತಿ. ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ತುಂಬಿದ ಪೆಟ್ಟಿಗೆಗಳು ತಲೆಹೊರೆಯಲ್ಲಿಯೋ ಎತ್ತಿನ ಗಾಡಿಯಲ್ಲಿಯೋ ಊರಿಂದೂರಿಗೆ ಸಾಗಬೇಕು. ದೀಪಾವಳಿಯಿಂದ ಮಳೆ ಹಿಡಿಯುವವರೆಗೆ ತಿರುಗಾಟ. ಮಳೆಗಾಲದಲ್ಲಿ ಎಲ್ಲರೂ ಮತ್ತೆ ಬೇಸಾಯಗಾರರು. ಮೇಳವನ್ನು ಕಟ್ಟುವವನು ಸಾಲವನ್ನೂ ಕಟ್ಟಿಕೊಳ್ಳುವನೆಂಬ ಮಾತು ನಮ್ಮ ಸೀಮೆಯಲ್ಲಿ ಸುಮ್ಮನೆ ಹುಟ್ಟಿದುದಲ್ಲ. ಹದಿನೈದಿಪ್ಪತ್ತು ಮಂದಿಗೆ ದಿನವೂ ಊಟ, ವರ್ಷಾಂತ್ಯಕ್ಕೆ ಸಂಬಳ, ವೇಷಭೂಷಣಗಳ ರಿಪೇರಿ, ಒಬ್ಬನಿಗೆ ಜ್ವರ ಬಂದರೆ ಆ ರಾತ್ರಿಯ ಪ್ರಸಂಗವನ್ನೇ ಬದಲಿಸಬೇಕಾದ ಕಷ್ಟ—ಇವೆಲ್ಲವೂ ಯಜಮಾನನ ತಲೆಯ ಮೇಲೆ. ಅದೇ ಯಜಮಾನನು ರಾತ್ರಿ ಬಣ್ಣ ಹಚ್ಚಿ ರಾಜನಾಗಿ ರಂಗಸ್ಥಳಕ್ಕೆ ಬರಬೇಕು. ಹಗಲಿನ ಸಾಲಗಾರನು ರಾತ್ರಿಯ ಚಕ್ರವರ್ತಿ! ಹರಿಶ್ಚಂದ್ರನ ಪಾತ್ರವು ಈ ಮನೆಯವರಿಗೆ ಒಲಿದುದರಲ್ಲಿ ಆಶ್ಚರ್ಯವೇನಿಲ್ಲವೆಂದು ನಮ್ಮ ಹಿರಿಯರೊಬ್ಬರು ನಗೆಯಾಡುತ್ತಿದ್ದರು.

ಶಿವರಾಮ ಹೆಗಡೆಯವರು ಯಕ್ಷಗಾನವನ್ನು ಹುಟ್ಟಿಸಿದವರೆಂದು ಯಾರೂ ಭಾವಿಸತಕ್ಕದ್ದಲ್ಲ. ಅವರಿಗಿಂತ ಮೊದಲೇ ಹೊನ್ನಾವರದ ಸೀಮೆಯಲ್ಲಿ ಮೇಳಗಳಿದ್ದುವು. ಗುಂಡಬಾಳೆಯ ಮುಖ್ಯಪ್ರಾಣನ ಸನ್ನಿಧಿಯಲ್ಲಿ ಹರಕೆಯ ಆಟಗಳು ನಡೆಯುವುದು ಹಳೆಯ ವಾಡಿಕೆ. ಹೊಳೆಯಾಚೆಗಿನ ಕರ್ಕಿಯ ಹಾಸ್ಯಗಾರ ಮನೆತನದ ಕೀರ್ತಿಯು ದೊಡ್ಡದು. 1842ರಲ್ಲಿ ನಮ್ಮ ಕಡೆಯ ಭಾಗವತ ಮೇಳವೊಂದು ಸಾಂಗಲಿಯ ಅರಸರ ಮುಂದೆ ಆಟವಾಡಿತೆಂದೂ, ಅದನ್ನು ಕಂಡು ಮೆಚ್ಚಿದ ಅರಸರು ಮರಾಠಿಯಲ್ಲಿಯೂ ಅಂತಹದನ್ನು ಮಾಡಬೇಕೆಂದು ವಿಷ್ಣುದಾಸ ಭಾವೆಯವರಿಗೆ ಅಪ್ಪಣೆ ಕೊಡಲು, ಮರುವರ್ಷವೇ 'ಸೀತಾ ಸ್ವಯಂವರ'ವು ರಂಗಕ್ಕೆ ಬಂದಿತೆಂದೂ ಮರಾಠಿ ರಂಗಭೂಮಿಯ ಚರಿತ್ರೆಕಾರರೇ ಬರೆದಿರುವರು. ಮರಾಠಿಯ ನಾಟಕವೆಂಬ ಮಹಾವೃಕ್ಷದ ಬೀಜವು ನಮ್ಮ ಗದ್ದೆಬಯಲಿನಿಂದ ಹೋಯಿತೆಂಬುದನ್ನು ನಮ್ಮ ಮಕ್ಕಳಿಗೆ ಯಾವ ಪಾಠಪುಸ್ತಕವು ಹೇಳುವುದು? ಇರಲಿ. ಕುಮಟೆಯ ಕಡೆಯ ಮೂರೂರು ದೇವರು ಹೆಗಡೆಯವರಂತಹ ಹಿರಿಯ ನಟರನ್ನು ಪಡೆದಿದ್ದ ಸೀಮೆಯಿದು. ಇಂತಹ ನೆಲದಲ್ಲಿ ಹೊಸ ಮೇಳವನ್ನು ಕಟ್ಟಿ ನಿಲ್ಲಿಸುವುದೆಂದರೆ ಮುಳ್ಳಿನ ಮೇಲಿನ ನಡಿಗೆ. ಇಲ್ಲಿಯ ಪ್ರೇಕ್ಷಕನು ಪದ್ಯವನ್ನು ಬಲ್ಲನು, ಅರ್ಥವನ್ನು ಬಲ್ಲನು, ತಾಳ ತಪ್ಪಿದರೆ ಚಾಪೆಯ ಮೇಲಿನಿಂದಲೇ ಕೆಮ್ಮುವನು.

ಯಕ್ಷಗಾನ ಮೇಳದಲ್ಲಿ ಎರಡು ಬಗೆಯ ನಾಯಕತ್ವವುಂಟು. ರಂಗದ ಹಿಂದಿನ ನಾಯಕನು ಯಜಮಾನ. ರಂಗದ ಮೇಲಿನ ನಾಯಕನು ಭಾಗವತ. ವೇಷವಿಲ್ಲದೆ, ಮುಂಡಾಸು ಸುತ್ತಿ ತಾಳ ಹಿಡಿದು ಹಿಂದೆ ನಿಂತು ಹಾಡುವ ಈ ಭಾಗವತನನ್ನು ಬಲ್ಲವರು 'ಮೊದಲನೆಯ ವೇಷ'ವೆಂದು ಕರೆಯುವರು. ನಮ್ಮ ಸಂಸ್ಕೃತ ನಾಟಕಗಳ ಸೂತ್ರಧಾರನು ಪ್ರಸ್ತಾವನೆಯಾದೊಡನೆ ಮರೆಯಾಗುವನು. ಈ ಸೂತ್ರಧಾರನಾದರೋ ಬೆಳಗಿನ ಮಂಗಳದವರೆಗೆ ರಂಗವನ್ನು ಬಿಡುವವನಲ್ಲ. ಪದ್ಯವನ್ನು ಆರಿಸುವವನು ಅವನು, ಕಾಲವನ್ನು ನಿಗದಿ ಮಾಡುವವನು ಅವನು. ಯಾವ ವೇಷವು ಎಷ್ಟು ಹೊತ್ತು ಕುಣಿಯಬೇಕು, ಎಲ್ಲಿ ಮಾತಿಗೆ ಬಿಡಬೇಕು, ಎಲ್ಲಿ ಬಿಡ್ತಿಗೆ ಕೊಟ್ಟು ಮುಗಿಸಬೇಕು—ಎಲ್ಲವೂ ಅವನ ಬೆರಳಿನಲ್ಲಿ. ಬಲಗಡೆ ಎಡಗಡೆಗಳಲ್ಲಿ ಮದ್ದಳೆಯವನೂ ಚಂಡೆಯವನೂ ಅವನ ತುಟಿಯನ್ನೇ ನೋಡುತ್ತಿರುವರು. ಆರು ಅಕ್ಷರದ ರೂಪಕ, ಏಳರ ತ್ರಿವುಡೆ, ಹತ್ತರ ಝಂಪೆ—ಇವುಗಳ ಲೆಕ್ಕವು ಕೈಗಳಲ್ಲಿ ಕೂತುಬಿಟ್ಟಿರಬೇಕು. ಮದ್ದಳೆಯು ಅಂಗೈ ಬೆರಳುಗಳಿಂದ ನುಡಿಯುವ ವಾದ್ಯ; ಚಂಡೆಯು ಸಪೂರವಾದ ಎರಡು ಕೋಲುಗಳಿಂದ ಗರ್ಜಿಸುವ ವಾದ್ಯ. ಯುದ್ಧವೋ, ಪ್ರತಾಪಿಯಾದ ವೇಷದ ಪ್ರವೇಶವೋ ಆದಾಗ ಚಂಡೆಯ ಪೆಟ್ಟು ಎರಡು ಊರುಗಳ ಆಚೆಗೆ ಕೇಳುವುದು. ನಮ್ಮ ಬಾಲ್ಯದಲ್ಲಿ ಕಡಲಿನ ಗಾಳಿಯ ಮೇಲೆ ತೇಲಿಬರುತ್ತಿದ್ದ ಆ ಸದ್ದನ್ನು ಕೇಳಿಯೇ ಯಾವ ದಿಕ್ಕಿನಲ್ಲಿ ಆಟವೆಂಬುದನ್ನು ತಿಳಿದು ಹೊರಡುತ್ತಿದ್ದೆವು.

ಇಲ್ಲಿ ನಮಗೆ ದೂರದೇಶದ ಮೇಳನಾಯಕನೊಬ್ಬನು ನೆನಪಾಗುವನು. ಕ್ಯೂಬಾ ದ್ವೀಪದ ಮಟಾನ್ಸಾಸ್ ನಗರದಲ್ಲಿ 1916ರಲ್ಲಿ ಹುಟ್ಟಿದ ದಾಮಾಸೊ ಪೆರೆಸ್ ಪ್ರಾದೊ ಎಂಬವನು 'ಮಾಂಬೊ' ಎಂಬ ಕುಣಿತದ ಸಂಗೀತವನ್ನು ಲೋಕಪ್ರಸಿದ್ಧವಾಗಿ ಮಾಡಿದನು. ಹವಾನಾದಲ್ಲಿ ಪಿಯಾನೊ ನುಡಿಸುತ್ತಿದ್ದವನು ಮೆಕ್ಸಿಕೊ ದೇಶಕ್ಕೆ ಹೋಗಿ ಅಲ್ಲಿ ತನ್ನದೇ ಮೇಳವನ್ನು ಕಟ್ಟಿದನು. 1949ರ ಸುಮಾರಿಗೆ ಅವನ ಗ್ರಾಮಫೋನ್ ತಟ್ಟೆಗಳು ಹೊರಟುವು. 1955ರಲ್ಲಿ ಅವನ ಒಂದು ತಟ್ಟೆಯು ಅಮೇರಿಕದಲ್ಲಿ ಹತ್ತು ವಾರಗಳ ಕಾಲ ಅಗ್ರಸ್ಥಾನದಲ್ಲಿತ್ತು. ಒಂದು ಕಡೆ ತುತ್ತೂರಿಗಳ ಸಾಲು, ಇನ್ನೊಂದು ಕಡೆ ಸ್ಯಾಕ್ಸೊಫೋನುಗಳ ಸಾಲು, ನಡುವೆ ಆಫ್ರಿಕಾದ ಮೂಲದಿಂದ ಬಂದ ಕೈಡೋಲುಗಳು. ಇವುಗಳ ಮುಂದೆ ನಿಂತು ಅವನು ನಡುನಡುವೆ ಗಂಟಲಿನಿಂದ ಒಂದು ಹೂಂಕಾರವನ್ನು ಹೊರಡಿಸುತ್ತಿದ್ದನು. ನಮ್ಮ ಮೊಮ್ಮಗನು ಇದನ್ನು ಒಂದು ದಿನ ನಮಗೆ ಕೇಳಿಸಿದಾಗ, "ಇವನು ಭಾಗವತನೇ ಸರಿ!" ಎಂದು ಥಟ್ಟನೆ ಹೇಳಿಬಿಟ್ಟೆವು. ಕುಣಿಯುವವನನ್ನು ಕೂಗಿ ಎಬ್ಬಿಸುವ ವಿದ್ಯೆಯು ಎಲ್ಲ ದೇಶಗಳಲ್ಲಿಯೂ ಒಂದೇ ಇರಬೇಕು. ಮಾಂಬೊವನ್ನು ಮೊದಲು ಹುಟ್ಟಿಸಿದವನು ಪ್ರಾದೊ ಅಲ್ಲವೆಂದೂ, 1938ರಲ್ಲಿಯೇ ಹವಾನಾದ ಅರ್ಕಾನ್ಯೊ ಎಂಬವನ ಮೇಳದಲ್ಲಿ ಒರೆಸ್ತೆಸ್ ಲೋಪೆಸ್ ಎಂಬವನು ಅದೇ ಹೆಸರಿನ ಕೃತಿಯನ್ನು ರಚಿಸಿದ್ದನೆಂದೂ ಅಲ್ಲಿಯವರು ಇಂದಿಗೂ ವಾದಿಸುವರಂತೆ. 1989ರಲ್ಲಿ ಪ್ರಾದೊ ಮೆಕ್ಸಿಕೊ ನಗರದಲ್ಲಿ ತೀರಿಕೊಂಡನು, ವಾದವು ತೀರಲಿಲ್ಲ. ನಮ್ಮ ದೃಷ್ಟಿಯಲ್ಲಿ ಹುಟ್ಟಿಸಿದವನಿಗೊಂದು ಗೌರವ, ಹತ್ತು ಜನರನ್ನು ಒಟ್ಟುಗೂಡಿಸಿ ಅದನ್ನು ನಡೆಯಿಸಿದವನಿಗೆ ಇನ್ನೊಂದು. ಶಿವರಾಮ ಹೆಗಡೆಯವರಿಗೆ ಸಲ್ಲತಕ್ಕುದು ಈ ಎರಡನೆಯದು.

ಅವರ ಪ್ರೌಢಕಾಲದ ವೇಷಗಳನ್ನು ಕಣ್ಣಾರೆ ಕಂಡ ಭಾಗ್ಯವು ನಮ್ಮದಲ್ಲ. ಕಂಡವರ ಬಾಯಿಂದ ಕೇಳಿದುದು ಮಾತ್ರ ಬಹಳವಿದೆ. ಅವರೆಲ್ಲರೂ ಒಂದು ಸಂಗತಿಯನ್ನು ಒತ್ತಿ ಹೇಳುವರು: ಹೆಗಡೆಯವರ ವೇಷದಲ್ಲಿ ಅವಸರವಿರಲಿಲ್ಲ. ಇದು ನಮ್ಮ ಉತ್ತರ ಕನ್ನಡದ ಮಟ್ಟಿನ ವಿಶೇಷವೂ ಹೌದು. ಭಾಗವತನು ಪದ್ಯದ ಒಂದು ಸಾಲನ್ನು ಹಾಡುವನು. ವೇಷಧಾರಿಯು ಅದಕ್ಕೆ ಅಭಿನಯಿಸುವನು. ಅದೇ ಸಾಲು ಮತ್ತೆ ಬರುವುದು, ಈ ಸಲ ಇನ್ನೊಂದು ಭಾವ. ಮೂರನೆಯ ಸಲ ಇನ್ನೂ ಬೇರೆ. ದುಃಖವೆಂದು ಕಂಡುದು ಕ್ಷಣಾರ್ಧದಲ್ಲಿ ಅಭಿಮಾನವಾಗುವುದು, ಅಭಿಮಾನವು ಪಶ್ಚಾತ್ತಾಪವಾಗುವುದು. ಶಬ್ದವು ಬದಲಾಗಲಿಲ್ಲ, ರಾಗವು ಬದಲಾಗಲಿಲ್ಲ. ಕಣ್ಣು ಮತ್ತು ಕೈ ಮಾತ್ರ ಬದಲಾದುವು. ಆಮೇಲೆ ವಾದ್ಯಗಳು ನಿಂತು ಅರ್ಥಗಾರಿಕೆಯು ಆರಂಭವಾಗುವುದು. ಈ ಮಾತುಗಳನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಪುರಾಣವನ್ನು ಓದಿಕೊಂಡ ನಟನು ರಂಗದ ಮೇಲೆಯೇ ಹುಟ್ಟಿಸಿ ಆಡಬೇಕು. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂದು ಭರತಮುನಿಯು ಎಣಿಸಿದ ನಾಲ್ಕು ಬಗೆಯ ಅಭಿನಯಗಳಲ್ಲಿ ಒಂದೊಂದನ್ನು ಹಿಡಿದು ಬದುಕುವ ನಟರುಂಟು. ನಾಲ್ಕನ್ನೂ ಒಂದೇ ಶರೀರದಲ್ಲಿ ಬೇಡುವ ಕಲೆಯಿದು.

1970ರ ದಶಕದ ಆರಂಭದಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯು ಶಿವರಾಮ ಹೆಗಡೆಯವರಿಗೆ ಪ್ರಶಸ್ತಿಯನ್ನಿತ್ತಿತು. ಬಯಲಾಟದವನೆಂದು ಮೂಗು ಮುರಿಯುತ್ತಿದ್ದ ಪೇಟೆಯ ಜನರು ಆ ಮೇಲೆ ಸ್ವಲ್ಪ ನೆಟ್ಟಗೆ ಕುಳಿತರು. ವಾಸ್ತವವಾಗಿ ಅವರನ್ನು ಕುಳ್ಳಿರಿಸುವ ಕೆಲಸವನ್ನು ಶಿವರಾಮ ಕಾರಂತರು ಮೊದಲೇ ಆರಂಭಿಸಿದ್ದರು. ಅವರ 'ಯಕ್ಷಗಾನ ಬಯಲಾಟ'ವೆಂಬ ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನವು ದೊರೆತಿತ್ತು. ಕಾರಂತರು ತಮ್ಮ ಪ್ರಯೋಗಗಳಲ್ಲಿ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಹಿಮ್ಮೇಳಕ್ಕೆ ಸೇರಿಸಿದಾಗ ಆದ ಗದ್ದಲವು ಇನ್ನೂ ಪೂರ್ತಿಯಾಗಿ ಅಡಗಿಲ್ಲ. ಕ್ಯೂಬಾದವರ ಸ್ಯಾಕ್ಸೊಫೋನು ಕೋಟದ ಭೀಮನ ಬೆನ್ನ ಹಿಂದೆ! ನಮಗೆ ವೈಯಕ್ತಿಕವಾಗಿ ಅದು ರುಚಿಸಲಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಕಾರಂತರಿಗೆ ಪ್ರಯೋಗ ಮಾಡುವ ಹಕ್ಕಿರಲಿಲ್ಲವೆನ್ನುವವರ ಸಾಲಿನಲ್ಲಿ ನಾವು ನಿಲ್ಲಲಾರೆವು.

ಇನ್ನು ಮಗನ ವಿಷಯ. ಶಂಭು ಹೆಗಡೆಯವರು 1938ರಲ್ಲಿ, ಮೇಳಕ್ಕೆ ನಾಲ್ಕು ವರ್ಷ ತುಂಬಿದಾಗ, ಹುಟ್ಟಿದರು. ತಂದೆಯ ಮೇಳದಲ್ಲಿ ಹುಡುಗನಾಗಿ ಗೆಜ್ಜೆ ಕಟ್ಟಿದವರು, ಬೇರೆ ಮೇಳಗಳ ಅನ್ನವನ್ನೂ ಉಂಡವರು. ಆ ಮೇಲೆ ಅವರು ಮಾಡಿದುದು ಆ ಕಾಲದ ವೇಷಧಾರಿಗಳಲ್ಲಿ ಯಾರೂ ನಿರೀಕ್ಷಿಸದ ಕೆಲಸ: ದೆಹಲಿಗೆ ಹೋಗಿ ಮಾಯಾ ರಾವ್ ಅವರ ನಾಟ್ಯಸಂಸ್ಥೆಯಲ್ಲಿ ನೃತ್ಯಸಂಯೋಜನೆಯನ್ನು ಶಿಷ್ಯನಾಗಿ ಕುಳಿತು ಕಲಿತರು. ಕುಲವಿದ್ಯೆಯನ್ನು ಕರಗತ ಮಾಡಿಕೊಂಡವನು ಮತ್ತೊಂದು ವಿದ್ಯೆಯ ಪ್ರಥಮ ಪಾಠಕ್ಕೆ ಕೂರುವುದೆಂದರೆ ಸಾಮಾನ್ಯವಾದ ವಿನಯವಲ್ಲ. ತಿರುಗಿ ಬಂದು, 1970ರ ದಶಕದಲ್ಲಿ ತಂದೆಯ ಮಂಡಳಿಯನ್ನು ಹೊಸದಾಗಿ ಸಂಘಟಿಸಿದರು.

ಆ ಕಾಲವು ಯಕ್ಷಗಾನಕ್ಕೆ ಬಹಳ ಇಕ್ಕಟ್ಟಿನ ಕಾಲ. ದೇವಸ್ಥಾನದ ಮೇಳಗಳಿಗೆ ಹರಕೆಯವನು ಇಡೀ ರಾತ್ರಿಯ ವೆಚ್ಚವನ್ನು ಕೊಡುವನು. ನೋಡುವವನಿಗೆ ಕಾಸಿನ ಖರ್ಚಿಲ್ಲ. ಡೇರೆಯ ಮೇಳಗಳು ಬಂದ ಮೇಲೆ ಟಿಕೇಟು ಬಂದಿತು, ಕುರ್ಚಿ ಬಂದಿತು, ಧ್ವನಿವರ್ಧಕ ಬಂದಿತು. ಟಿಕೇಟು ಕೊಂಡವನಿಗೆ ಪ್ರತಿವರ್ಷವೂ ಹೊಸ ಕಥೆ ಬೇಕು. ಪುರಾಣದಿಂದ ಹೊರಗಿನ ಕಲ್ಪಿತ ಪ್ರಸಂಗಗಳು ಸಾಲುಸಾಲಾಗಿ ಬಂದುವು. ಸಾಲಿಗ್ರಾಮ ಮೇಳದ ಗುಂಡ್ಮಿ ಕಾಳಿಂಗ ನಾವಡರು ಈ ಕಾಲದ ಧ್ರುವತಾರೆ. ತಾವೇ ಪ್ರಸಂಗವನ್ನು ಬರೆದು ತಾವೇ ಹಾಡುತ್ತಿದ್ದ ಆ ಭಾಗವತರ ಕಂಠಕ್ಕಾಗಿಯೇ ಜನರು ಮೈಲುಗಟ್ಟಲೆ ನಡೆದುಬರುತ್ತಿದ್ದರು. ಅವರ 'ನಾಗಶ್ರೀ' ಪ್ರಸಂಗಕ್ಕೆ ಡೇರೆಗಳು ತುಂಬಿ ಹೊರಚೆಲ್ಲಿದುವು. 1990ರಲ್ಲಿ, ಮೂವತ್ತೆರಡು ತುಂಬುವ ಮೊದಲೇ, ರಸ್ತೆಯ ಅಪಘಾತದಲ್ಲಿ ಅವರು ತೀರಿಹೋದರು. ಅವರ ಹಾಡುಗಾರಿಕೆಯ ಮಟ್ಟುಗಳನ್ನು ಇಂದಿನ ಭಾಗವತರಲ್ಲಿ ಅನೇಕರು ಅನುಸರಿಸುವರು. ನಮ್ಮ ಸೀಮೆಯವರೇ ಆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಕುಣಿತದ ಸೊಗಸಿನಿಂದ ಮಕ್ಕಳಿಂದ ಮುದುಕರವರೆಗೆ ಎಲ್ಲರನ್ನೂ ಗೆದ್ದವರು. 2012ರಲ್ಲಿ ಪದ್ಮಶ್ರೀ ಬಿರುದು ಬಂದಿತು. ಯಕ್ಷಗಾನದವರಲ್ಲಿ ಆ ಗೌರವವನ್ನು ಮೊದಲು ಪಡೆದವರು ಅವರೇ. 2017ರಲ್ಲಿ ಅವರೂ ಅಗಲಿದರು. ಹೀಗೆ ಒಂದು ಕಡೆ ಕಂಠದ ಮೋಹ, ಇನ್ನೊಂದು ಕಡೆ ಕುಣಿತದ ಮೋಹ. ಇವುಗಳ ನಡುವೆ ನಿಧಾನದ ಅಭಿನಯವನ್ನೂ ಪುರಾಣದ ಪ್ರಸಂಗವನ್ನೂ ಹಿಡಿದು ಕೂರುವವನಿಗೆ ಅನ್ನ ಹುಟ್ಟುವುದೇ ಎಂಬುದು ಕೆರೆಮನೆಯವರ ಮುಂದಿದ್ದ ಪ್ರಶ್ನೆ.

ಶಂಭು ಹೆಗಡೆಯವರು ಕೊಟ್ಟ ಉತ್ತರವು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ನಡೆಯುತ್ತಿದ್ದ ಆಟವನ್ನು ಎರಡು ಮೂರು ತಾಸುಗಳಿಗೆ ಇಳಿಸಿ ಪೇಟೆಯ ರಂಗಮಂದಿರಗಳಿಗೆ ಒಯ್ದರು. ಮಾತಿನ ಹರಟೆಯನ್ನು ಕಡಿದರು, ಅಗ್ಗದ ಹಾಸ್ಯವನ್ನು ಹೊರಗಿಟ್ಟರು, ಪಾತ್ರಪ್ರವೇಶ ನಿರ್ಗಮನಗಳಿಗೆ ಶಿಸ್ತನ್ನು ತಂದರು. ಹಳಬರು, "ಇದು ಆಟವಲ್ಲ, ಆಟದ ಪಂಚಾಂಗ" ಎಂದು ಹೀಯಾಳಿಸಿದರು. ನಾವೂ ಆ ಹಳಬರಲ್ಲಿ ಒಬ್ಬರು. ನಡುರಾತ್ರಿಯ ಎರಡು ಗಂಟೆಗೆ, ಅರ್ಧ ನಿದ್ರೆ ಅರ್ಧ ಎಚ್ಚರದಲ್ಲಿ, ಕಂಬಳಿಯ ಒಳಗಿನಿಂದ ಕಾಣುವ ರಾಕ್ಷಸನ ಭಯವು ಸಂಜೆಯ ಏಳಕ್ಕೆ ಕುರ್ಚಿಯ ಮೇಲೆ ಕುಳಿತು ನೋಡುವವನಿಗೆ ಎಲ್ಲಿಂದ ಬರಬೇಕು? ಬೆಳಗಿನ ಜಾವ ಭೂಪಾಳಿಯು ಕೇಳಿ, ನಿಜವಾದ ಕೋಳಿಯು ಕೂಗಿ, ಧರ್ಮವು ಗೆದ್ದು ಸೂರ್ಯನು ಮೂಡುವುದು—ಇದು ಆಟದ ಅಂಗವೇ ಅಲ್ಲವೇ? ಆದರೆ ನಮ್ಮ ಸ್ವಂತ ಮಗಳೇ ಒಮ್ಮೆ, "ಅಪ್ಪಯ್ಯಾ, ಬೆಳಗಾಗುವವರೆಗೆ ಕೂರುವವರು ನಿಮ್ಮೂರಲ್ಲಿ ಎಷ್ಟು ಜನ ಉಳಿದಿದ್ದಾರೆ? ಎಣಿಸಿ ಹೇಳಿ" ಎಂದಳು. ಮುಂದಿನ ಆಟಕ್ಕೆ ಹೋದಾಗ ಎಣಿಸಿದೆವು. ಮೂರು ಗಂಟೆಯ ಹೊತ್ತಿಗೆ ಮಂಡಕ್ಕಿ ಮಾರುವವನನ್ನೂ ಕೂಡಿಸಿ ಇಪ್ಪತ್ತೇಳು ಮಂದಿ! ಮನೆಗೆ ಬಂದು ಅವಳಿಗೆ ಸಂಖ್ಯೆಯನ್ನು ಹೇಳಲಿಲ್ಲ.

ಶಂಭು ಹೆಗಡೆಯವರ ಕರ್ಣನನ್ನು ನಾವು ಕಂಡಿರುವೆವು, ಹರಿಶ್ಚಂದ್ರನನ್ನು ಕಂಡಿರುವೆವು. ಅವರು ನಿಂತರೆ ನಿಲುವೇ ಒಂದು ಪದ್ಯ. ಕಣ್ಣಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನೋಟವು ಹೊರಳುವ ಹೊತ್ತಿನಲ್ಲಿ ಒಂದು ರಾಜ್ಯವು ಕೈಬಿಟ್ಟುಹೋಗುವುದು ಪ್ರೇಕ್ಷಕನಿಗೆ ತಿಳಿಯುತ್ತಿತ್ತು. ಎದುರಿಗೆ ಮನೆತನದವರೇ ಆದ ಮಹಾಬಲ ಹೆಗಡೆಯವರು ಇದ್ದರಂತೂ ಆ ರಾತ್ರಿಯು ಸಾರ್ಥಕ. ಇಬ್ಬರೂ ಮಾತಿನಲ್ಲಿ ಒಬ್ಬರನ್ನೊಬ್ಬರು ಬಿಡುವವರಲ್ಲ, ಅಭಿನಯದಲ್ಲಿ ಒಬ್ಬರನ್ನೊಬ್ಬರು ಮೀರಲು ಬಿಡುವವರಲ್ಲ. ಗಜಾನನ ಹೆಗಡೆಯವರ ಸ್ತ್ರೀವೇಷವನ್ನು ಕಂಡವರು ಇಂದಿಗೂ ಅದರ ಸೊಬಗನ್ನು ಹೇಳಿಕೊಳ್ಳುವರು. ಇವರೆಲ್ಲರ ಬೆನ್ನ ಹಿಂದೆ ಬಹುಕಾಲ ಹಾಡಿದವರು ನೆಬ್ಬೂರು ನಾರಾಯಣ ಭಾಗವತರು. ಅವರ ಹಾಡುಗಾರಿಕೆಯಲ್ಲಿ ಅಬ್ಬರವಿಲ್ಲ. ಸಂಗೀತಗಾರನಾಗಿ ಮೆರೆಯುವ ಆಸೆಯನ್ನು ಬಿಟ್ಟು, ಮುಂದಿರುವ ವೇಷದ ಮುಖದಲ್ಲಿ ಭಾವವು ಮೂಡುವಷ್ಟು ಹೊತ್ತು ಸಾಲನ್ನು ಹಿಡಿದುಕೊಡುವ ತ್ಯಾಗವು ಅದರಲ್ಲಿತ್ತು. ಅಭಿನಯಪ್ರಧಾನವಾದ ಮೇಳಕ್ಕೆ ಇಂತಹ ಭಾಗವತನು ದೊರೆಯುವುದು ಪುಣ್ಯವೇ ಸರಿ. ಅವರೂ ಈಗ ಸ್ವರ್ಗಸ್ಥರಾಗಿರುವರು.

ಶಿವರಾಮ ಹೆಗಡೆಯವರು 1992ರಲ್ಲಿ, ಎಂಬತ್ತನಾಲ್ಕರ ಪ್ರಾಯದಲ್ಲಿ, ಕಾಲವಶರಾದರು. ಅಷ್ಟರಲ್ಲಿ ಒಂದು ಮುಖ್ಯವಾದ ಕಾರ್ಯವನ್ನು ಕಣ್ಣಿಂದ ನೋಡಿದ್ದರು. 1980ರ ದಶಕದಲ್ಲಿ ಶಂಭು ಹೆಗಡೆಯವರು ಗುಣವಂತೆಯಲ್ಲಿ 'ಶ್ರೀಮಯ' ಎಂಬ ಯಕ್ಷಗಾನ ಕಲಾಕೇಂದ್ರವನ್ನು ಆರಂಭಿಸಿದರು. ಹಿಂದಿನ ಕಾಲದಲ್ಲಿ ಹುಡುಗನು ಮೇಳಕ್ಕೆ ಸೇರಿ, ಹಿರಿಯರ ಪೆಟ್ಟಿಗೆ ಹೊತ್ತು, ಕೋಡಂಗಿ ಬಾಲಗೋಪಾಲಗಳಿಂದ ಆರಂಭಿಸಿ, ಹತ್ತು ವರ್ಷಗಳಲ್ಲಿ ಒಂದು ದೊಡ್ಡ ವೇಷಕ್ಕೆ ಯೋಗ್ಯನಾಗುತ್ತಿದ್ದನು. ಬೈಗುಳವೇ ಗುರುಕುಲ. ಇಲ್ಲಿಯಾದರೋ ಹುಡುಗರಿಗೆ ತಾಳದ ಲೆಕ್ಕ, ಹೆಜ್ಜೆ, ಹಾಡು, ಮಾತು, ಬಣ್ಣಗಾರಿಕೆ, ಪುರಾಣಗಳ ಜ್ಞಾನ—ಎಲ್ಲವನ್ನೂ ಕ್ರಮವಾಗಿ ಕಲಿಸುವ ಏರ್ಪಾಡಾಯಿತು. ಮೇಷ್ಟರಾಗಿದ್ದವರಾದ್ದರಿಂದ ನಮಗೆ ಇದರಲ್ಲಿ ವಿಶೇಷವಾದ ಅಕ್ಕರೆ. ವೇಷವು ನಟನೊಡನೆ ಅಳಿ

ಯುವುದು, ಪಾಠವು ಶಿಷ್ಯನೊಡನೆ ಮುಂದೆ ಹೋಗುವುದು. ಆದರೂ ನಮ್ಮ ಮನಸ್ಸಿನಲ್ಲಿ ಒಂದು ಅನುಮಾನವುಳಿದಿದೆ. ಕಲಿತು ಹೊರಬಂದ ಹುಡುಗನಿಗೆ ವರ್ಷಪೂರ್ತಿ ಬದುಕುವಷ್ಟು ಸಂಪಾದನೆ ಎಲ್ಲಿ? ನಮ್ಮ ನೆರೆಕೆರೆಯಲ್ಲಿ ಚೆನ್ನಾಗಿ ಕುಣಿಯಬಲ್ಲವರು ಹಲವರು ಬೆಂಗಳೂರಿನಲ್ಲಿ ನೌಕರಿ ಮಾಡುತ್ತ, ರಜೆಯಲ್ಲಿ ಬಂದು ಗೆಜ್ಜೆ ಕಟ್ಟುವರು. ಅವರನ್ನು ದೂಷಿಸುವುದು ಹೇಗೆ?

1994ರಲ್ಲಿ ಶಂಭು ಹೆಗಡೆಯವರಿಗೂ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯು ಬಂದಿತು. ರಾಜ್ಯದ ಜಾನಪದ ಮತ್ತು ಯಕ್ಷಗಾನ ಅಕಾಡೆಮಿಯ ಅಧ್ಯಕ್ಷತೆಯನ್ನೂ ಅವರು ವಹಿಸಿದ್ದರು. ಮೇಳವು ಹೊರದೇಶಗಳಿಗೂ ಹೋಗಿಬಂದಿತು. ಇವುಗಳನ್ನು ವಿಸ್ತರಿಸಲು ನಮಗೆ ಮನಸ್ಸಿಲ್ಲ. ಪ್ರಶಸ್ತಿಗಳ ಪಟ್ಟಿಯು ಎಲ್ಲ ದೊಡ್ಡವರದೂ ಒಂದೇ ರೀತಿಯಾಗಿರುವುದು. ಅವರ ಕೊನೆಯ ರಾತ್ರಿಯನ್ನು ಮಾತ್ರ ಹೇಳಲೇಬೇಕು.

2009ರ ಫೆಬ್ರವರಿ 3. ಇಡಗುಂಜಿಯಲ್ಲಿ ರಥೋತ್ಸವದ ಕಾಲ. ಎರಡು ಕೈಗಳ, ನಿಂತ ಭಂಗಿಯ ಆ ಗಣಪತಿಯ ಹೆಸರಿನಲ್ಲಿಯೇ ತಂದೆಯು ಎಪ್ಪತ್ತೈದು ವರ್ಷಗಳ ಹಿಂದೆ ಮೇಳವನ್ನು ಕಟ್ಟಿದ್ದುದು. ತೇರಿನ ಆಟದಲ್ಲಿ ಶಂಭು ಹೆಗಡೆಯವರು ವೇಷ ಮಾಡಿದರು. ಎಪ್ಪತ್ತರ ಗಡಿಯಲ್ಲಿದ್ದ ಶರೀರ. ಆಟವಾಡುತ್ತಿರುವಾಗಲೇ ದೇಹವು ಸೋತಿತು. ಅಂದೇ ಅವರು ಇನ್ನಿಲ್ಲವಾದರು. ಸುದ್ದಿಯು ನಮ್ಮೂರಿಗೆ ತಲಪಿದಾಗ ಮೊದಲು ಯಾರೂ ನಂಬಲಿಲ್ಲ. "ವೇಷದಲ್ಲಿಯೇ ಹೋದರಂತೆ" ಎಂದು ಒಬ್ಬರಿಗೊಬ್ಬರು ಮೆಲ್ಲನೆ ಹೇಳಿಕೊಂಡರು. ಕೆಲವರು ಅದನ್ನು ಮಹಾಭಾಗ್ಯವೆಂದರು. ನಮಗೆ ಹಾಗೆನ್ನಲು ಬಾಯಿ ಬರಲಿಲ್ಲ. ಚೌಕಿಯಲ್ಲಿ ತಂದೆಯ ಬಣ್ಣವನ್ನು ಒರಸಬೇಕಾದ ಮಗನ ಕೈಯನ್ನು ನೆನೆದು ನಾವು ಅಂದು ಊಟ ಮಾಡಲಿಲ್ಲ. ಅದೇ ವರ್ಷದಲ್ಲಿ ಮಹಾಬಲ ಹೆಗಡೆಯವರೂ ತೀರಿಕೊಂಡರು. ಒಂದೇ ಸಂವತ್ಸರದಲ್ಲಿ ಮನೆತನದ ಎರಡು ಕಂಬಗಳು ಉರುಳಿದುವು.

ಇಷ್ಟಕ್ಕೆ ಮೇಳವು ನಿಲ್ಲುವುದೆಂದೇ ಬಹಳ ಮಂದಿ ಎಣಿಸಿದ್ದರು. ನಾವೂ ಎಣಿಸಿದ್ದೆವು. ಶಂಭು ಹೆಗಡೆಯವರ ಮಗ ಶಿವಾನಂದ ಹೆಗಡೆಯವರು ನಿಲ್ಲಿಸಲಿಲ್ಲ. ಮೇಳದ ತಿರುಗಾಟವನ್ನೂ ಕಲಾಕೇಂದ್ರವನ್ನೂ ಮುಂದುವರಿಸಿದುದಲ್ಲದೆ, ತಂದೆಯ ಹೆಸರಿನಲ್ಲಿ ಗುಣವಂತೆಯಲ್ಲಿಯೇ ರಾಷ್ಟ್ರೀಯ ನಾಟ್ಯೋತ್ಸವವನ್ನು ಏರ್ಪಡಿಸತೊಡಗಿದರು. ಒಡಿಸ್ಸಿ, ಕಥಕ್ಕಳಿ ಎಂದು ನಾವು ಪುಸ್ತಕದಲ್ಲಿ ಮಾತ್ರ ಓದಿದ್ದ ನೃತ್ಯಗಳನ್ನು ಕಾಣಲು ಈ ಸೀಮೆಯ ಗೃಹಿಣಿಯರು ಹೆದ್ದಾರಿಯ ಬದಿಯ ಒಂದು ಹಳ್ಳಿಗೆ ಹೋಗುವಂತಾಯಿತು. 2024ರಲ್ಲಿ ಯುನೆಸ್ಕೊ ಸಂಸ್ಥೆಯು, ಸ್ಪರ್ಶಕ್ಕೆ ಸಿಗದ ಸಾಂಸ್ಕೃತಿಕ ಸಂಪತ್ತನ್ನು ಕಾಯುವ ಸಂಸ್ಥೆಗಳ ಸಾಲಿನಲ್ಲಿ, ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಗೆ ಮಾನ್ಯತೆಯನ್ನಿತ್ತಿತು. ನಾಲ್ಕನೆಯ ತಲೆಮಾರಿನ ಶ್ರೀಧರ ಹೆಗಡೆಯವರೂ ಗೆಜ್ಜೆ ಕಟ್ಟಿರುವರು.

ಮಳೆಗಾಲದ ಒಂದು ಸಂಜೆ ನಾವು ಹೊನ್ನಾವರದಿಂದ ಹಿಂತಿರುಗುವಾಗ ಗುಣವಂತೆಯಲ್ಲಿ ಬಸ್ಸಿನಿಂದ ಇಳಿದೆವು. ಮಳೆಯು ಹೆಂಚಿನ ಮೇಲೆ ಸುರಿಯುತ್ತಿತ್ತು. ಒಳಗಿನಿಂದ ಎಳೆಯ ಕಂಠಗಳು ಒಟ್ಟಾಗಿ ಝಂಪೆಯ ಹತ್ತು ಅಕ್ಷರಗಳನ್ನು ಎಣಿಸುತ್ತಿದ್ದುವು. ಒಂದು ಕಂಠವು ಏಳರಲ್ಲಿ ತಪ್ಪಿತು, ಎಲ್ಲರೂ ನಿಂತರು, ಮತ್ತೆ ಒಂದರಿಂದ ಆರಂಭಿಸಿದರು. ನಾವು ಜಗಲಿಯ ಅಂಚಿನಲ್ಲಿ ಕೊಡೆಯನ್ನು ಮಡಚದೆ ನಿಂತು, ಅವರು ಹತ್ತನ್ನು ಮುಟ್ಟುವವರೆಗೆ ಕೇಳಿ, ಕೊನೆಯ ಬಸ್ಸನ್ನು ತಪ್ಪಿಸಿಕೊಂಡೆವು. ಬೆಂಚಿನ ಮೇಲೆ ನಿಂತಿದ್ದ ನಮ್ಮ ಆ ಶಿಷ್ಯನು ಈಗ ಮುಂಬಯಿಯಲ್ಲಿರುವನು. ಪ್ರತಿವರ್ಷವೂ ತೇರಿನ ಮುಂಚೆ ದೂರವಾಣಿ ಮಾಡಿ, "ಗುರುಗಳೇ, ಈ ಸಲ ಇಡಗುಂಜಿಯಲ್ಲಿ ಯಾವ ಪ್ರಸಂಗ?" ಎಂದು ವಿಚಾರಿಸುವನು. ಅಂದು ರಾತ್ರಿ ಮನೆ ಸೇರಿದ ಮೇಲೆ ನಾವೇ ಅವನಿಗೆ ದೂರವಾಣಿ ಮಾಡಿದೆವು.